ಸ್ಟೀರಿಂಗ್ ಇಲ್ಲದ ಹಲಗೆ ತಿರುಗುವುದು ಹೇಗೆ?

2026ರ ಫೆಬ್ರುವರಿಯಲ್ಲಿ ಇಟಲಿಯ ಮಿಲಾನ್ ಮತ್ತು ಕೊರ್ಟಿನಾದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಆ ಎರಡು ವಾರ ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸ್ಕೀ ವಿಡಿಯೊಗಳದ್ದೇ ಮಾತು. ನಾನು ಮ್ಯೂನಿಕ್‌ನಲ್ಲಿ ಇರುವವನು, ಚಳಿಗಾಲದ ಶನಿವಾರ ಬಂತೆಂದರೆ ಆಸ್ಟ್ರಿಯಾದ ಬೆಟ್ಟಗಳಿಗೆ ಸ್ಕೀ ಮಾಡಲು ಓಡುವವನು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬಂದವು. ಅವುಗಳಲ್ಲಿ ಸೋದರಮಾವ ಕೇಳಿದ್ದು ಎಲ್ಲಕ್ಕಿಂತ ನೇರವಾಗಿತ್ತು. ಅವರು ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವರು. ಚಾರ್ಮಾಡಿ ಘಾಟಿಯ ಒಂದೊಂದು ತಿರುವೂ ಅವರ ಕೈಗೆ ಗೊತ್ತು.

"ಅಲ್ಲಪ್ಪ, ಆ ಹಲಗೆಗೆ ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ. ಮತ್ತೆ ಅಷ್ಟು ಸ್ಪೀಡಲ್ಲಿ ತಿರುಗಿಸೋದು ಹೆಂಗೆ?"

ಫೋನಿನಲ್ಲಿ ನಾನು ಕೊಟ್ಟ ಉತ್ತರ ಅವರಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಅದನ್ನೇ ಇಲ್ಲಿ ಬುಡದಿಂದ ಬಿಡಿಸಿ ಬರೆಯುತ್ತಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ತಿರುವು ಆ ಹಲಗೆಯ ಆಕಾರದಲ್ಲೇ ಇದೆ. ಸ್ಕೀ ಮಾಡುವವರು ಅದನ್ನು ತಿರುಗಿಸುವುದಿಲ್ಲ, ವಾಲಿಸುತ್ತಾರೆ. ಉಳಿದದ್ದನ್ನು ಹಲಗೆಯೇ ಮಾಡುತ್ತದೆ. ಈ ಕೆಲಸಕ್ಕೆಂದೇ ತಯಾರಾದ ಸ್ಕೀಗೆ ಕಾರ್ವಿಂಗ್ ಸ್ಕೀ ಎನ್ನುತ್ತಾರೆ.

## ಮೊದಲು ಕೆಲವು ಪದಗಳು

ಸ್ಕೀ ಅಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ. ಬಲಗಾಲಿಗೊಂದು, ಎಡಗಾಲಿಗೊಂದು. ಅದರ ಮುಂದಿನ ತುದಿಯನ್ನು ಮೂತಿ, ಹಿಂದಿನದನ್ನು ಬಾಲ, ನಡುವಿನ ಸಪೂರ ಭಾಗವನ್ನು ಸೊಂಟ ಅಂತ ಕರೆಯೋಣ. ಇಂಗ್ಲಿಷಿನಲ್ಲೂ ನಡುವಿನ ಭಾಗಕ್ಕೆ ಸೊಂಟ ಅಂತಲೇ ಹೆಸರು. ಹಲಗೆಯ ಅಡಿಯಲ್ಲಿ, ಎರಡೂ ಬದಿಗೆ ಉಕ್ಕಿನ ತೆಳು ಪಟ್ಟಿ ಇರುತ್ತದೆ. ಸುಮಾರು ಎರಡು ಮಿಲಿಮೀಟರ್ ಅಗಲ. ಅದು ಅಂಚು. ಈ ಲೇಖನದ ನಾಯಕ ಅದೇ.

ಕಾಲಿಗೆ ಪ್ಲಾಸ್ಟಿಕ್ಕಿನ ಗಟ್ಟಿ ಬೂಟು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಕಾಲು ಮುರಿಯದ ಹಾಗೆ ಬೂಟನ್ನು ಬಿಟ್ಟುಬಿಡುವುದೂ ಅದರ ಕೆಲಸ.

ಸ್ಕೀಯಲ್ಲಿ ಬೇರೆ ಬೇರೆ ಜಾತಿಗಳಿವೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವುದು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ. ಅಲ್ಲಿ ಸ್ಕೀ ಬಹಳ ಸಪೂರ, ಬೂಟಿನ ಹಿಮ್ಮಡಿ ಮೇಲೇಳುತ್ತದೆ, ಸಮತಟ್ಟಿನಲ್ಲೂ ಏರಿನಲ್ಲೂ ಸ್ವಂತ ಬಲದಿಂದ ಓಡಬೇಕು. ಇಲ್ಲಿ ಹೇಳುತ್ತಿರುವುದು ಆಲ್ಪೈನ್ ಸ್ಕೀ. ಇದರಲ್ಲಿ ಹಿಮ್ಮಡಿಯೂ ಬಿಗಿ, ಕೆಲಸವೆಲ್ಲ ಇಳಿಜಾರಿನಲ್ಲಿ. ಕಾಶ್ಮೀರದ ಆರಿಫ್ ಖಾನ್ ಸ್ಪರ್ಧಿಸುವುದು ಈ ವಿಭಾಗದಲ್ಲಿ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರು ಅವರೊಬ್ಬರೇ. ಜೈಂಟ್ ಸ್ಲಾಲಂ ಸ್ಪರ್ಧೆಯಲ್ಲಿ ಅವರಿಗೆ 45ನೇ ಸ್ಥಾನ ಸಿಕ್ಕಿತು. ನೆಟ್ಟ ಕಂಬಗಳ ನಡುವೆ ಆ ಕಡೆ ಈ ಕಡೆ ತಿರುಗುತ್ತಾ ಇಳಿಯುವ ಓಟಕ್ಕೆ ಸ್ಲಾಲಂ ಎನ್ನುತ್ತಾರೆ. ಕಂಬಗಳು ದೂರ ದೂರ ಇದ್ದು ತಿರುವು ದೊಡ್ಡದಾದರೆ ಅದು ಜೈಂಟ್ ಸ್ಲಾಲಂ.

## ಕುಂಟೆ ಹೊಡೆದ ಹೊಲದಂಥ ಹಿಮ

ಕಾರ್ವಿಂಗ್ ಸ್ಕೀ ಎಲ್ಲ ಹಿಮಕ್ಕೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಹದ ಮಾಡಿದ ಗಟ್ಟಿ ಹಿಮ. ಯುರೋಪಿನಲ್ಲಿ ಇಂಥ ಇಳಿಜಾರಿಗೆ ಪಿಸ್ಟ್ ಎನ್ನುತ್ತಾರೆ.

ಸಂಜೆ ಜನ ಕೆಳಗಿಳಿದ ಮೇಲೆ ಬೆಟ್ಟಕ್ಕೆ ದೊಡ್ಡ ಯಂತ್ರಗಳು ಹತ್ತುತ್ತವೆ. ಟ್ಯಾಂಕಿನ ಹಾಗೆ ಅಗಲವಾದ ಪಟ್ಟಿಯ ಮೇಲೆ ಓಡುವ ಗಾಡಿಗಳು. ಮುಂದೆ ಹಿಮವನ್ನು ತಳ್ಳಿ ಸಮ ಮಾಡುವ ಬ್ಲೇಡು, ಹಿಂದೆ ಹಿಮವನ್ನು ಪುಡಿ ಮಾಡಿ ಒತ್ತುವ ಉರುಳೆ. ಇಡೀ ದಿನ ಜನ ಕೆದಕಿ ಮಾಡಿದ ಗುಂಡಿ, ದಿಬ್ಬ ಎಲ್ಲ ಮಾಯ. ಯಂತ್ರ ಹೋದ ಜಾಗದಲ್ಲಿ ಸಣ್ಣ ಸಣ್ಣ ಸಮಾನಾಂತರ ಗೀರುಗಳು ಉಳಿಯುತ್ತವೆ. ನಮ್ಮ ಕಣ್ಣಿಗೆ ಕುಂಟೆ ಹೊಡೆದ ಹೊಲವೇ, ಬಣ್ಣ ಮಾತ್ರ ಬಿಳಿ.

ಈ ಕೆಲಸವನ್ನು ರಾತ್ರಿಯಲ್ಲೇ ಮಾಡುವುದಕ್ಕೆ ಕಾರಣ ಇದೆ. ಪುಡಿಯಾದ ಹಿಮದ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಲು ಕೆಲವು ಗಂಟೆ ಬೇಕು. ರಾತ್ರಿಯ ಚಳಿಯಲ್ಲಿ ಅದು ಚೆನ್ನಾಗಿ ಕೂಡುತ್ತದೆ. ಬೆಳಿಗ್ಗೆ ಎಂಟೂವರೆಗೆ ಮೊದಲ ಕೇಬಲ್ ಕಾರಿನಲ್ಲಿ ಹೋದರೆ ಆ ಗೀರುಗಳ ಮೇಲೆ ಇನ್ನೂ ಯಾರ ಗುರುತೂ ಇರುವುದಿಲ್ಲ. ಅಂಚು ಕಚ್ಚಿದಾಗ ಬರುವ ಸಣ್ಣ ಸದ್ದು, ಬಟ್ಟೆ ಹರಿದ ಹಾಗೆ, ಆಗಷ್ಟೇ ಸ್ಪಷ್ಟವಾಗಿ ಕೇಳುತ್ತದೆ.

ಯಂತ್ರದಿಂದ ಮಾಡಿದ ಕೃತಕ ಹಿಮ ಇನ್ನೂ ಗಟ್ಟಿ. ಅದರ ಕಣಗಳು ಸಣ್ಣ ಗುಂಡುಗಳಂತೆ ಇರುವುದರಿಂದ ಒತ್ತೊತ್ತಾಗಿ ಕೂರುತ್ತವೆ. ದೊಡ್ಡ ಸ್ಪರ್ಧೆಗಳ ಟ್ರ್ಯಾಕ್‌ಗೆ ಕೆಲವೊಮ್ಮೆ ನೀರನ್ನೂ ಒಳಗೆ ಇಳಿಸಿ ಹೆಪ್ಪುಗಟ್ಟಿಸುತ್ತಾರೆ. ಆಗ ಅದು ಹೆಚ್ಚುಕಮ್ಮಿ ಮಂಜುಗಡ್ಡೆಯೇ.

## ಜಾರುವುದು ಬೇರೆ, ಕೊರೆಯುವುದು ಬೇರೆ

ಒಂದು ಮುದ್ದೆ ಬೆಣ್ಣೆ, ಒಂದು ಚಾಕು ಇದೆ ಅಂದುಕೊಳ್ಳಿ. ಚಾಕುವನ್ನು ಅಡ್ಡಕ್ಕೆ ಹಿಡಿದು ಎಳೆದರೆ ಬೆಣ್ಣೆ ಸವರಿದಂತಾಗುತ್ತದೆ, ಅಗಲವಾದ ಗುರುತು ಬೀಳುತ್ತದೆ. ಅದೇ ಚಾಕುವಿನ ಅಲಗನ್ನು ಉದ್ದಕ್ಕೆ ಓಡಿಸಿದರೆ ತೆಳುವಾದ ಒಂದು ಗೆರೆ ಬೀಳುತ್ತದೆ, ಅಷ್ಟೇ.

ಸ್ಕೀಯಲ್ಲಿ ತಿರುಗುವುದಕ್ಕೂ ಇದೇ ಎರಡು ದಾರಿ. ಹೊಸಬರು ಮೊದಲು ಕಲಿಯುವುದು ಸವರುವ ದಾರಿ. ಪಾದವನ್ನು ತಿರುಚಿ ಸ್ಕೀಯ ಬಾಲವನ್ನು ಪಕ್ಕಕ್ಕೆ ತಳ್ಳುತ್ತಾರೆ. ಸ್ಕೀ ಒಂದು ದಿಕ್ಕಿಗೆ ನೋಡುತ್ತಿರುತ್ತದೆ, ಸಾಗುವುದು ಇನ್ನೊಂದು ದಿಕ್ಕಿಗೆ. ಹಿಮ ಕೆರೆದುಕೊಂಡು ಹಾರುತ್ತದೆ, ವೇಗ ಕಡಿಮೆಯಾಗುತ್ತದೆ. ಇದು ತಪ್ಪಲ್ಲ. ಕಡಿದಾದ ಜಾಗದಲ್ಲಿ, ಜನ ಜಾಸ್ತಿ ಇರುವಲ್ಲಿ ಪಳಗಿದವರೂ ಹೀಗೇ ಇಳಿಯುತ್ತಾರೆ.

ಇನ್ನೊಂದು ಕೊರೆಯುವ ದಾರಿ. ಇದೇ ಕಾರ್ವಿಂಗ್. ಇಲ್ಲಿ ಮೂತಿ ಹೋದ ದಾರಿಯಲ್ಲೇ ಸೊಂಟ ಹೋಗುತ್ತದೆ, ಅದೇ ದಾರಿಯಲ್ಲಿ ಬಾಲವೂ ಹೋಗುತ್ತದೆ. ಹಳಿಯ ಮೇಲೆ ರೈಲು ಹೋದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಹಳಿಯನ್ನು ಹಾಕಿಕೊಳ್ಳುತ್ತಾ ಹೋಗುವುದೂ ಸ್ಕೀಯೇ. ನಿಂತು ಹಿಂದೆ ತಿರುಗಿ ನೋಡಿದರೆ ಹಿಮದ ಮೇಲೆ ಎರಡು ತೆಳು ಗೆರೆ ಕಾಣಬೇಕು, ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ. ಗೆರೆ ಅಗಲವಾಗಿದ್ದರೆ, ಅಂಚು ಕಚ್ಚದೆ ಜಾರಿದೆ ಎಂದು ಅರ್ಥ. ನಾನು ಈಗಲೂ ಪ್ರತಿ ಇಳಿಜಾರಿನ ಕೊನೆಯಲ್ಲಿ ನಿಂತು ಆ ಗೆರೆಗಳನ್ನು ಹುಡುಕುತ್ತೇನೆ.

## ಲಗ್ನಪತ್ರಿಕೆಯಲ್ಲಿ ಒಂದು ಪ್ರಯೋಗ

ಆಕಾರವೇ ತಿರುವನ್ನು ಹುಟ್ಟಿಸುವುದು ಹೇಗೆ ಅಂತ ಮಾತಿನಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿ ನೋಡುವುದು ಸುಲಭ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇರುತ್ತದೆ ಅಲ್ವಾ? ಅದರಿಂದ ಒಂದು ಗೇಣು ಉದ್ದದ, ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ. ಈಗ ಎರಡೂ ಬದಿಯನ್ನು ಒಳಕ್ಕೆ ಬಾಗುವಂತೆ ಕತ್ತರಿಸಿ. ತುದಿಗಳು ಅಗಲ, ನಡು ಸಪೂರ. ಡಮರುಗವನ್ನು ಹಿಡಿದು ಉದ್ದಕ್ಕೆ ಎಳೆದ ಹಾಗೆ ಕಾಣಬೇಕು.

ಆ ಪಟ್ಟಿಯನ್ನು ಮೇಜಿನ ಮೇಲೆ ಒಂದು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ. ಮೂತಿ ಮತ್ತು ಬಾಲ ಮಾತ್ರ ಮೇಜಿಗೆ ತಾಗುತ್ತವೆ. ನಡುವಿನ ಸೊಂಟ ಮೇಲೆಯೇ ಇರುತ್ತದೆ, ಕೆಳಗೆ ಒಂದು ಸಣ್ಣ ಸಂದಿ ಕಾಣುತ್ತದೆ. ಈಗ ಸೊಂಟವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಪಟ್ಟಿ ಬಾಗುತ್ತದೆ, ಸಂದಿ ಮುಚ್ಚುತ್ತದೆ, ಅಂಚು ಪೂರ್ತಿ ಮೇಜಿಗೆ ಕೂರುತ್ತದೆ. ಮೇಲಿನಿಂದ ನೋಡಿ. ಅಂಚು ಮೇಜನ್ನು ಮುಟ್ಟಿರುವ ಗೆರೆ ನೇರವಾಗಿಲ್ಲ. ಅದು ಕಮಾನು, ಒಂದು ದೊಡ್ಡ ವೃತ್ತದ ತುಣುಕು.

ಹಿಮದ ಮೇಲೆ ನಡೆಯುವುದೂ ಇದೇ. ಒತ್ತುವ ಬೆರಳಿನ ಜಾಗದಲ್ಲಿ ಮನುಷ್ಯನ ಭಾರ ಇದೆ, ಅಷ್ಟೇ. ಸ್ಕೀಯನ್ನು ವಾಲಿಸಿದರೆ ಅಂಚು ಕಮಾನಾಗುತ್ತದೆ, ಕಮಾನಾದ ಅಂಚು ಹಿಮವನ್ನು ಕಮಾನಿನಂತೆಯೇ ಕೊರೆಯುತ್ತದೆ, ಕೊರೆದ ದಾರಿಯಲ್ಲಿ ಸ್ಕೀ ಸಾಗುತ್ತದೆ. ಬಲಕ್ಕೆ ವಾಲಿದರೆ ಬಲಕ್ಕೆ, ಎಡಕ್ಕೆ ವಾಲಿದರೆ ಎಡಕ್ಕೆ. ಸ್ಟೀರಿಂಗ್ ಇರುವುದು ಇಲ್ಲಿ.

ಬದಿಯ ಈ ಒಳಬಾಗಿಗೆ ಸೈಡ್‌ಕಟ್ ಎಂದು ಹೆಸರು. ಒಳಬಾಗು ಜಾಸ್ತಿ ಇದ್ದಷ್ಟೂ ವೃತ್ತ ಚಿಕ್ಕದು. ಆ ವೃತ್ತದ ತ್ರಿಜ್ಯವನ್ನು ಮೀಟರಿನಲ್ಲಿ ಸ್ಕೀ ಮೇಲೆಯೇ ಬರೆದಿರುತ್ತಾರೆ. 13 ಮೀಟರ್ ಅಂದರೆ ಚಿಕ್ಕ ತಿರುವಿನ ಸ್ಕೀ, 18 ಅಂದರೆ ದೊಡ್ಡ ತಿರುವಿನದು.

ಇನ್ನೂ ಒಂದು ಸ್ವಾರಸ್ಯ ಇದೆ. ಪಟ್ಟಿಯನ್ನು ಇನ್ನಷ್ಟು ಓರೆ ಮಾಡಿ ಒತ್ತಿ ನೋಡಿ. ಕಮಾನು ಇನ್ನೂ ಬಿಗಿಯಾಗುತ್ತದೆ. ಅಂದರೆ ಸ್ಕೀ ಮೇಲೆ ಬರೆದ ಸಂಖ್ಯೆ ಕಲ್ಲಿನಲ್ಲಿ ಕೊರೆದದ್ದಲ್ಲ. ಸ್ಕೀಯನ್ನು 60 ಡಿಗ್ರಿ ವಾಲಿಸಿದರೆ ತ್ರಿಜ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದೇ ಜೋಡಿ ಸ್ಕೀಯಲ್ಲಿ ದೊಡ್ಡ ತಿರುವನ್ನೂ ಚಿಕ್ಕ ತಿರುವನ್ನೂ ತೆಗೆಯಲು ಆಗುವುದು ಇದರಿಂದಲೇ.

## ವಾಲಿದರೂ ಬೀಳುವುದಿಲ್ಲ ಯಾಕೆ?

ಟಿವಿಯಲ್ಲಿ ನೋಡಿದವರಿಗೆಲ್ಲ ಬರುವ ಪ್ರಶ್ನೆ ಇದು. ಸ್ಪರ್ಧಿಗಳು ತಮ್ಮ ಸೊಂಟ ಹಿಮಕ್ಕೆ ತಾಗುವಷ್ಟು ವಾಲಿರುತ್ತಾರೆ, ಆದರೂ ಬೀಳುವುದಿಲ್ಲ.

ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ನಿಂತವರು ಹೊರಬದಿಗೆ ತಳ್ಳಿಸಿಕೊಳ್ಳುತ್ತಾರೆ. ಬೈಕ್ ಓಡಿಸುವವರು ಅದೇ ತಿರುವಿನಲ್ಲಿ ಒಳಬದಿಗೆ ವಾಲುತ್ತಾರೆ. ಹೊರಕ್ಕೆ ತಳ್ಳುವ ಬಲ ಮತ್ತು ಕೆಳಕ್ಕೆ ಎಳೆಯುವ ಭಾರ ಎರಡೂ ಸರಿದೂಗಿದರೆ ಬೈಕ್ ಬೀಳುವುದಿಲ್ಲ. ಸ್ಕೀಯಲ್ಲೂ ಇದೇ ಲೆಕ್ಕ.

ಒಂದು ಉದಾಹರಣೆ ಹಾಕಿ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಇಳಿಜಾರನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. 14 ಮೀಟರ್ ತ್ರಿಜ್ಯದ ಸ್ಕೀ, 45 ಡಿಗ್ರಿ ವಾಲಿಕೆ. ಆಗ ಅದು ಕೊರೆಯುವ ವೃತ್ತದ ತ್ರಿಜ್ಯ ಸುಮಾರು 10 ಮೀಟರ್. ವೇಗ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ಈ ವೇಗದಲ್ಲಿ ಈ ವೃತ್ತದಲ್ಲಿ ತಿರುಗುವಾಗ ಹೊರಕ್ಕೆ ಎಳೆದಂತಾಗುವ ಬಲ ಮನುಷ್ಯನ ಸ್ವಂತ ಭಾರಕ್ಕೆ ಹೆಚ್ಚುಕಮ್ಮಿ ಸಮ. ಕೆಳಕ್ಕೆ ಎಷ್ಟೋ ಪಕ್ಕಕ್ಕೂ ಅಷ್ಟೇ. ಎರಡನ್ನೂ ಕೂಡಿದರೆ ಬಲ ಬೀಳುವುದು ಸರಿಯಾಗಿ 45 ಡಿಗ್ರಿ ಓರೆಯಲ್ಲಿ. ದೇಹವೂ ಅಷ್ಟೇ ವಾಲಿದೆ. ಹಾಗಾಗಿ ಬೀಳುವುದಿಲ್ಲ.

ಆದರೆ ಕಾಲಿಗೆ ಅದರ ಬೆಲೆ ಗೊತ್ತಾಗುತ್ತದೆ. 70 ಕೆ.ಜಿ. ತೂಕದವರ ಕಾಲ ಮೇಲೆ ಆ ಕ್ಷಣದಲ್ಲಿ ಸುಮಾರು 100 ಕೆ.ಜಿ. ಹೊರೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ತಿರುವಿನ ಹೊರಬದಿಯ ಒಂದೇ ಕಾಲಿಗೆ. ದಿನಕ್ಕೆ ನೂರಾರು ತಿರುವು ತೆಗೆದರೆ ಸಂಜೆ ಮೆಟ್ಟಿಲು ಇಳಿಯುವಾಗ ತೊಡೆ ನಡುಗುವುದು ಸುಮ್ನೆ ಅಲ್ಲ.

ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಅದೇ 10 ಮೀಟರಿನ ವೃತ್ತವನ್ನು ಕೊರೆಯಲು ಹೋದರೆ, ಪಕ್ಕದ ಬಲವೇ ಸ್ವಂತ ಭಾರದ ಸುಮಾರು ನಾಲ್ಕರಷ್ಟು. ಸಾಮಾನ್ಯರ ಕಾಲು ಅದನ್ನು ತಡೆಯುವುದಿಲ್ಲ. ಅದೇ ವೇಗದಲ್ಲಿ 30 ಮೀಟರಿನ ವೃತ್ತವಾದರೆ ಸುಮಾರು ಒಂದೂಕಾಲರಿಂದ ಒಂದೂವರೆ ಪಟ್ಟು, ಅಷ್ಟೇ. ವೇಗಕ್ಕೆ ದೊಡ್ಡ ತ್ರಿಜ್ಯ, ಚುರುಕಿಗೆ ಚಿಕ್ಕ ತ್ರಿಜ್ಯ ಅನ್ನುವ ಅಂಗಡಿಯವರ ಮಾತಿನ ಹಿಂದೆ ಇರುವುದು ಈ ಲೆಕ್ಕ.

## ಏಳು ಮಿಲಿಮೀಟರಿನಿಂದ ಇಪ್ಪತ್ತೆರಡಕ್ಕೆ

ಸೈಡ್‌ಕಟ್ ಹೊಸದಲ್ಲ. ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಮೊರ್ಗೆಡಾಲ್ ಎಂಬ ಹಳ್ಳಿಯಲ್ಲಿ 1825ರಲ್ಲಿ ಹುಟ್ಟಿದ ಸೊಂಡ್ರೆ ನೊರ್ಹೈಮ್ ಎಂಬ ಬಡ ರೈತ ನಡು ಸಪೂರವಾದ ಮರದ ಸ್ಕೀಗಳನ್ನು ಮಾಡಿಕೊಂಡು, ಹಿಮ್ಮಡಿಗೂ ಕಟ್ಟು ಹಾಕಿಕೊಂಡು ಸಲೀಸಾಗಿ ತಿರುಗುತ್ತಿದ್ದರು. 1952ರ ಓಸ್ಲೊ ಒಲಿಂಪಿಕ್ಸ್‌ಗೆ ಜ್ಯೋತಿ ಹಚ್ಚಿದ್ದು ಅವರ ಮನೆಯ ಒಲೆಯಿಂದಲೇ.

ಆದರೆ ಅದಾದ ನೂರಕ್ಕೂ ಹೆಚ್ಚು ವರ್ಷ ಆ ಒಳಬಾಗು ಹೆಚ್ಚು ಆಳಕ್ಕೆ ಹೋಗಲಿಲ್ಲ. 1980ರ ದಶಕದ ಸ್ಕೀಗಳಲ್ಲಿ ಅದು ಏಳು ಮಿಲಿಮೀಟರ್ ಆಸುಪಾಸು. ಕಣ್ಣಿಗೆ ನೇರ ಹಲಗೆಯಂತೆಯೇ ಕಾಣುತ್ತಿತ್ತು. ಉದ್ದವೂ ಹೆಚ್ಚು. ಕೈ ಮೇಲೆತ್ತಿ ನಿಂತರೆ ಮಣಿಕಟ್ಟಿನವರೆಗೆ ಬರುವ ಸ್ಕೀ ಸರಿಯಾದ ಅಳತೆ ಎಂಬ ನಂಬಿಕೆ ಇತ್ತು. ಅಷ್ಟು ಉದ್ದದ, ಅಷ್ಟು ನೇರದ ಸ್ಕೀಯಲ್ಲಿ ಪೂರ್ತಿ ಕೊರೆದು ತಿರುಗುವುದು ತುಂಬಾ ವೇಗದ, ತುಂಬಾ ಬಲದ ಸ್ಪರ್ಧಿಗಳಿಗೆ ಮಾತ್ರ ಸಾಧ್ಯವಿತ್ತು. ಉಳಿದವರೆಲ್ಲ ಜೀವನವಿಡೀ ಸವರಿಕೊಂಡೇ ಇಳಿದರು.

ಬದಲಾವಣೆ ಬಂದದ್ದು ಸ್ಲೊವೇನಿಯಾದಿಂದ. ಬೆಗುನ್ಯೆ ಎಂಬ ಸಣ್ಣ ಊರಿನಲ್ಲಿ ಎಲಾನ್ ಎಂಬ ಕಾರ್ಖಾನೆ ಇದೆ, 1945ರಲ್ಲಿ ಶುರುವಾದದ್ದು. ಸ್ವೀಡನ್ನಿನ ದಿಗ್ಗಜ ಇಂಗೆಮಾರ್ ಸ್ಟೆನ್‌ಮಾರ್ಕ್ ಅಲ್ಲಿನ ಸ್ಕೀಗಳಲ್ಲೇ 86 ವಿಶ್ವಕಪ್ ಸ್ಪರ್ಧೆ ಗೆದ್ದಿದ್ದರು. ಅಲ್ಲಿನ ಎಂಜಿನಿಯರುಗಳಾದ ಯೂರಿ ಫ್ರಾಂಕೊ ಮತ್ತು ಪಾವೆಲ್ ಷ್ಕೋಫಿಚ್ ಒಳಬಾಗನ್ನು ಏಳರಿಂದ ಒಮ್ಮೆಗೇ ಸುಮಾರು 22 ಮಿಲಿಮೀಟರಿಗೆ ಏರಿಸಿ ನೋಡಿದರು. ಆ ಸ್ಕೀ ಎಸ್‌ಸಿಎಕ್ಸ್ ಎಂಬ ಹೆಸರಿನಲ್ಲಿ 1993ರಲ್ಲಿ ಬಂತು. ತ್ರಿಜ್ಯ 15 ಮೀಟರಿಗೆ ಇಳಿದಿತ್ತು.

ಸ್ಪರ್ಧಿಗಳು ಮೊದಲು ನಂಬಲಿಲ್ಲ. ಇದು ಹೊಸಬರಿಗೆ ಕಲಿಸುವ ಆಟದ ಸಾಮಾನು ಅಂದುಕೊಂಡರು. 1996ರಲ್ಲಿ ಬೋಡಿ ಮಿಲ್ಲರ್ ಎಂಬ ಅಮೆರಿಕದ ಹದಿನೆಂಟರ ಹುಡುಗ, ಅಂಗಡಿಯಲ್ಲಿ ಸಾಮಾನ್ಯ ಜನರಿಗೆ ಮಾರುವ ಕೆ2 ಫೋರ್ ಎಂಬ ಒಳಬಾಗಿನ ಸ್ಕೀ ಹಾಕಿಕೊಂಡು ರಾಷ್ಟ್ರೀಯ ಜೂನಿಯರ್ ಸ್ಪರ್ಧೆಗಳನ್ನು ಗೆದ್ದ. ಮುಂದಿನ ಕೆಲವೇ ವರ್ಷಗಳಲ್ಲಿ ನೇರ ಸ್ಕೀಗಳು ಅಟ್ಟ ಸೇರಿದವು.

## ಹಲಗೆಯ ಹೊಟ್ಟೆಯೊಳಗೆ

ಆಕಾರ ಅಷ್ಟೇ ಸಾಕಾಗಿದ್ದರೆ ಮಕ್ಕಳ ಸ್ಕೀಗೂ ಸಾವಿರ ಯುರೋ ಬೆಲೆಯ ಸ್ಕೀಗೂ ವ್ಯತ್ಯಾಸ ಇರುತ್ತಿರಲಿಲ್ಲ. ಆಕಾರ ಎರಡರಲ್ಲೂ ಒಂದೇ ತರಹ. ವ್ಯತ್ಯಾಸ ಒಳಗಿದೆ.

ಒಳ್ಳೆಯ ಕಾರ್ವಿಂಗ್ ಸ್ಕೀ ಬಿಲ್ಲಿನ ಹಾಗೆ ಬಾಗಬೇಕು, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳಬಾರದು. ಈ ಒಂದು ಮಾತು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸ್ಕೀಯನ್ನು ವಾಲಿಸುವುದು ನಡುವಿನಲ್ಲಿರುವ ಬೂಟು. ಮೂತಿ ಅಲ್ಲಿಂದ ಮುಕ್ಕಾಲು ಮೀಟರಿಗಿಂತ ದೂರದಲ್ಲಿದೆ. ಸ್ಕೀ ಮೆತ್ತಗಿದ್ದರೆ ನಡು 45 ಡಿಗ್ರಿ ವಾಲಿದರೂ ಮೂತಿ ತಿರುಚಿಕೊಂಡು ಕಡಿಮೆಯೇ ವಾಲುತ್ತದೆ. ಗಟ್ಟಿ ಹಿಮ ಸಿಕ್ಕ ಕೂಡಲೇ ಅದರ ಹಿಡಿತ ತಪ್ಪುತ್ತದೆ, ಸ್ಕೀ ಜಾರುತ್ತದೆ.

ಇದನ್ನು ತಡೆಯುವುದು ಲೋಹ. ಇಂಥ ಸ್ಕೀಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ನಡುವಿನಲ್ಲಿ ಮರ ಕಾಣುತ್ತದೆ. ಆಶ್, ಬೀಚ್, ಪಾಪ್ಲರ್ ಮುಂತಾದ ಮರಗಳ ಪಟ್ಟಿಗಳನ್ನು ಅಂಟಿಸಿ ಮಾಡಿದ ತಿರುಳು. ಅದರ ಮೇಲೊಂದು, ಕೆಳಗೊಂದು ಲೋಹದ ಹಾಳೆ, ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪ. ನಡುನಡುವೆ ಗಾಜಿನ ನಾರಿನ ಬಟ್ಟೆ, ಅಲ್ಲಲ್ಲಿ ರಬ್ಬರ್. ಎಲ್ಲವನ್ನೂ ಅಂಟು ಸುರಿದು ಅಚ್ಚಿನಲ್ಲಿಟ್ಟು, ಬಿಸಿ ಮಾಡಿ ಒತ್ತುತ್ತಾರೆ.

ಆ ಲೋಹದ ಹೆಸರು ಟೈಟಾನಲ್. ಹೆಸರು ಕೇಳಿ ಟೈಟಾನಿಯಂ ಅಂದುಕೊಳ್ಳುವವರೇ ಜಾಸ್ತಿ, ನಾನೂ ಹಾಗೇ ತಿಳಿದಿದ್ದೆ. ಅದು ಬಹುಪಾಲು ಅಲ್ಯೂಮಿನಿಯಂ. ಸತು, ಮೆಗ್ನೀಸಿಯಂ, ತಾಮ್ರ ಸೇರಿಸಿ ಗಟ್ಟಿ ಮಾಡಿದ ಮಿಶ್ರಲೋಹ. ತಯಾರಾಗುವುದು ಆಸ್ಟ್ರಿಯಾದಲ್ಲಿ. ಸ್ಕೀಗೆ ಅಲ್ಯೂಮಿನಿಯಂ ಹಾಳೆ ಹಾಕುವ ದಾರಿಯನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಹೊವರ್ಡ್ ಹೆಡ್. ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್, 1950ರಲ್ಲಿ ತನ್ನದೇ ಕಂಪನಿ ತೆರೆದರು. ಹೆಡ್ ಅನ್ನುವ ಆ ಹೆಸರು ಈಗಲೂ ಸ್ಕೀಗಳ ಮೇಲಿದೆ.

ರಬ್ಬರ್ ಯಾಕೆ? ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದರೆ ಠಣಠಣ ಎಂದು ಅದುರುತ್ತಲೇ ಇರುತ್ತದೆ. ಅಂಗೈ ಇಟ್ಟ ಕೂಡಲೇ ನಿಲ್ಲುತ್ತದೆ. ಗಟ್ಟಿ ಹಿಮದ ಮೇಲೆ ವೇಗವಾಗಿ ಹೋಗುವಾಗ ಸ್ಕೀಯೂ ಆ ತಟ್ಟೆಯ ಹಾಗೆ ಅದುರುತ್ತದೆ. ಅದುರಿದಾಗೆಲ್ಲ ಅಂಚು ಹಿಮ ಬಿಟ್ಟು ಮೇಲೇಳುತ್ತದೆ. ರಬ್ಬರ್ ಪದರ ಅಲ್ಲಿ ಅಂಗೈಯ ಕೆಲಸ ಮಾಡುತ್ತದೆ.

ಸ್ಕೀಯನ್ನು ನೆಲದ ಮೇಲೆ ಇಟ್ಟು ಪಕ್ಕದಿಂದ ನೋಡಿದರೆ ನಡು ಸ್ವಲ್ಪ ಮೇಲೆದ್ದಿರುತ್ತದೆ. ಇದನ್ನು ಕ್ಯಾಂಬರ್ ಎನ್ನುತ್ತಾರೆ. ಲಾರಿ ಚಕ್ರದ ಮೇಲಿನ ಪಟ್ಟಿ ಸ್ಪ್ರಿಂಗ್ ಹೊರೆ ಬಿದ್ದಾಗ ಚಪ್ಪಟೆಯಾಗಿ, ಹೊರೆ ಇಳಿದಾಗ ಮತ್ತೆ ಬಾಗುತ್ತದಲ್ಲ, ಹಾಗೆಯೇ. ನಿಂತಾಗ ಭಾರ ಸೊಂಟದಡಿ ಮಾತ್ರ ಬೀಳದೆ ಮೂತಿ, ಬಾಲಕ್ಕೂ ಹಂಚಿಹೋಗುತ್ತದೆ. ತಿರುವು ಮುಗಿದು ಭಾರ ತೆಗೆದಾಗ ಸ್ಪ್ರಿಂಗ್ ಪುಟಿದು ಮುಂದಿನ ತಿರುವಿಗೆ ದಾಟಿಸುತ್ತದೆ. ಕಾರ್ವಿಂಗ್ ಮಾಡುವವರು ಮತ್ತೆ ಮತ್ತೆ ಬೆಟ್ಟ ಹತ್ತುವುದು ಆ ಪುಟಿತಕ್ಕಾಗಿ ಅಂತ ನನ್ನ ಅನಿಸಿಕೆ.

ಕೊನೆಗೆ ಅಂಚು. ಮೆಟ್ಟುಗತ್ತಿಯ ಹಾಗೆ ಇದಕ್ಕೂ ಸಾಣೆ ಬೇಕು. ಸರಿಯಾಗಿ 90 ಡಿಗ್ರಿ ಮೂಲೆ ಇರುವುದಿಲ್ಲ. ಬದಿಯನ್ನು ಎರಡು ಮೂರು ಡಿಗ್ರಿ ಓರೆಯಾಗಿ ಉಜ್ಜಿ 88, 87ಕ್ಕೆ ತರುತ್ತಾರೆ. ಕೋನ ಚೂಪಾದಷ್ಟೂ ಮಂಜುಗಡ್ಡೆಯನ್ನು ಚೆನ್ನಾಗಿ ಕಚ್ಚುತ್ತದೆ, ಬೇಗ ಸವೆಯುತ್ತದೆ ಕೂಡ. ಹರಿತ ಇದೆಯಾ ಅಂತ ನೋಡಲು ಉಗುರಿನ ಬೆನ್ನನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯುತ್ತಾರೆ. ಉಗುರಿನಿಂದ ಬಿಳಿ ಪುಡಿ ಎದ್ದರೆ ಹರಿತ ಇದೆ. ಸುಮ್ಮನೆ ಜಾರಿದರೆ ಅರ ಹಿಡಿಯುವ ಹೊತ್ತು ಬಂದಿದೆ.

## ಸಂಖ್ಯೆಗಳನ್ನು ಓದುವುದು

ಸ್ಕೀ ಬಾಲದ ಹತ್ತಿರ ಮೂರು ಸಂಖ್ಯೆ ಸಾಲಾಗಿ ಇರುತ್ತವೆ. ಉದಾಹರಣೆಗೆ 120, 68, 102. ಮೂತಿ, ಸೊಂಟ, ಬಾಲದ ಅಗಲ, ಮಿಲಿಮೀಟರಿನಲ್ಲಿ. ಪಕ್ಕದಲ್ಲಿ ಉದ್ದ ಮತ್ತು ತ್ರಿಜ್ಯ.

ನೋಡಬೇಕಾದದ್ದು ಮೊದಲು ಸೊಂಟ. ಗಟ್ಟಿ ಪಿಸ್ಟ್‌ಗೆ ಮಾಡಿದ ಸ್ಕೀಗಳಲ್ಲಿ ಅದು 65ರಿಂದ 75 ಮಿ.ಮೀ. ಒಳಗೆ. ಎಲ್ಲ ಕಡೆ ಓಡಿಸುವ ಸ್ಕೀಗಳಲ್ಲಿ 80ರಿಂದ 100, ಆಳದ ಹೊಸ ಹಿಮಕ್ಕೆ 100ಕ್ಕೂ ಮೇಲೆ. ಸಪೂರ ಯಾಕೆ ಅಂದರೆ, ಅಂಚು ಪಾದದ ಕೆಳಗೇ ಇದ್ದರೆ ವಾಲಿಸುವುದು ಸುಲಭ. ಒಂದು ಬದಿಯಿಂದ ಇನ್ನೊಂದಕ್ಕೆ ಬೇಗ ದಾಟಬಹುದು, ಮಂಡಿಗೂ ಹೊರೆ ಕಡಿಮೆ. ಅಗಲ ಸ್ಕೀ ಮೆತ್ತನೆಯ ಹಿಮದಲ್ಲಿ ದೋಣಿಯ ಹಾಗೆ ತೇಲುತ್ತದೆ, ಗಟ್ಟಿ ನೆಲದಲ್ಲಿ ಭಾರವಾಗಿ ವಾಲುತ್ತದೆ.

ಆಮೇಲೆ ತ್ರಿಜ್ಯ. ಸ್ಲಾಲಂ ಮಾದರಿ ಅಂದರೆ 155ರಿಂದ 170 ಸೆಂ.ಮೀ. ಉದ್ದ, 11ರಿಂದ 14 ಮೀಟರ್ ತ್ರಿಜ್ಯ. ಚಿಕ್ಕ, ಚುರುಕು ತಿರುವು. ಜೈಂಟ್ ಸ್ಲಾಲಂ ಮಾದರಿ ಅಂದರೆ 170ರಿಂದ 185 ಸೆಂ.ಮೀ., 16ರಿಂದ 20 ಮೀಟರ್. ಅಗಲ ಇಳಿಜಾರು, ದೊಡ್ಡ ಕಮಾನು, ಜಾಸ್ತಿ ವೇಗ. ಅಂಗಡಿಯಲ್ಲಿ ಸಿಗುವ ಇವೆರಡೂ ನಿಜವಾದ ಸ್ಪರ್ಧೆಯ ಸ್ಕೀಯ ಸ್ವಲ್ಪ ಮೆತ್ತನೆಯ ತಮ್ಮಂದಿರು.

ನಿಜವಾದ ಸ್ಪರ್ಧೆಯಲ್ಲಿ ಅಳತೆಯನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವಾದ ಫಿಸ್ ನಿಗದಿ ಮಾಡುತ್ತದೆ. ಇದರ ಸುತ್ತ ಒಂದು ದೊಡ್ಡ ಜಗಳವೇ ನಡೆದಿದೆ. ಸ್ಕೀ ಜಾಸ್ತಿ ಕಚ್ಚಿದಷ್ಟೂ ಮಂಡಿಯ ಮೇಲೆ ಬೀಳುವ ಬಲ ಜಾಸ್ತಿ, ಗಾಯವೂ ಜಾಸ್ತಿ ಎಂಬ ಕಾರಣಕ್ಕೆ 2012–13ರ ಋತುವಿನಿಂದ ಪುರುಷರ ಜೈಂಟ್ ಸ್ಲಾಲಂ ಸ್ಕೀಯ ಕನಿಷ್ಠ ತ್ರಿಜ್ಯವನ್ನು 27ರಿಂದ 35 ಮೀಟರಿಗೆ ಏರಿಸಿದರು. ಅಮೆರಿಕದ ಸ್ಪರ್ಧಿ ಟೆಡ್ ಲಿಗೆಟಿ ಅದನ್ನು ಬಹಿರಂಗವಾಗಿ, ಕಟುವಾಗಿ ವಿರೋಧಿಸಿದರು. ಆಮೇಲೆ ಅದೇ ಹೊಸ ಸ್ಕೀಯಲ್ಲಿ ಋತುವಿನ ಮೊದಲ ಜೈಂಟ್ ಸ್ಲಾಲಂ ಅನ್ನು ಎರಡು ಮುಕ್ಕಾಲು ಸೆಕೆಂಡ್ ಅಂತರದಿಂದ ಗೆದ್ದರು. ಸೆಕೆಂಡಿನ ನೂರನೇ ಪಾಲಿನಲ್ಲಿ ಗೆಲುವು ತೀರ್ಮಾನವಾಗುವ ಆಟದಲ್ಲಿ ಅದು ಬಹಳ ದೊಡ್ಡ ಅಂತರ. 2017–18ರಿಂದ ಮಿತಿಯನ್ನು 30ಕ್ಕೆ ಇಳಿಸಿದರು.

## ಯಾರಿಗೆ ಇದು ಬೇಡ

ನನ್ನ ಎರಡನೇ ಚಳಿಗಾಲದಲ್ಲಿ ಒಂದು ಬಾಡಿಗೆ ಅಂಗಡಿಯಲ್ಲಿ ಗಟ್ಟಿ ಸ್ಲಾಲಂ ಸ್ಕೀ ಕೊಟ್ಟರು. ನಾನೇ ಕೇಳಿದ್ದೆ, ಅವರು ಏನೂ ವಿಚಾರಿಸದೆ ಕೊಟ್ಟರು. ನನಗೆ ಆಗ ಸವರಿಕೊಂಡು ಇಳಿಯುವುದಷ್ಟೇ ಗೊತ್ತಿತ್ತು. ನನ್ನ ನಿಧಾನ ವೇಗಕ್ಕೆ ಆ ಸ್ಕೀ ಬಾಗಲೇ ಇಲ್ಲ. ಹನ್ನೊಂದು ಗಂಟೆಗೆ ತೊಡೆ ಉರಿಯುತ್ತಿತ್ತು. ಮಧ್ಯಾಹ್ನ ಒಂದು ಕಡೆ ಸ್ಕೀಯನ್ನು ಪಕ್ಕಕ್ಕೆ ತಳ್ಳಲು ಹೋದಾಗ ಅಂಚು ಥಟ್ಟನೆ ಕಚ್ಚಿತು. ಸ್ಕೀ ತನ್ನ ದಾರಿ ಹಿಡಿಯಿತು, ನನ್ನ ಮೈ ಇನ್ನೊಂದು ಕಡೆ ಹೋಯಿತು. ಮಂಡಿ ಎರಡು ವಾರ ಊದಿಕೊಂಡಿತ್ತು.

ಗಟ್ಟಿ ಸ್ಕೀಯನ್ನು ಬಾಗಿಸಲು ವೇಗ ಬೇಕು, ಭಾರ ಬೇಕು, ವಾಲುವ ಧೈರ್ಯ ಬೇಕು. ಮೂರೂ ಇಲ್ಲದವರಿಗೆ ಅದು ಬರೀ ನೇರ ಹಲಗೆ. ಹೊಸಬರು ಮೆತ್ತನೆಯ, ಗದ್ದದಷ್ಟು ಎತ್ತರದ ಸ್ಕೀಯಿಂದ ಶುರು ಮಾಡುವುದೇ ಸರಿ. ಕಡಿಮೆ ಇಳಿಜಾರಿನ ಅಗಲ ಪಿಸ್ಟ್‌ನಲ್ಲಿ ಎರಡೂ ಮಂಡಿಯನ್ನು ಒಂದೇ ಬದಿಗೆ ಮೆಲ್ಲಗೆ ಒರಗಿಸಿ, ಏನೂ ತಿರುಚದೆ, ಸ್ಕೀ ತಾನಾಗಿ ತಿರುಗುವವರೆಗೆ ಕಾಯಬೇಕು. ಮೊದಲ ಸಲ ಅದು ತಾನೇ ತಿರುಗಿದ್ದು ನನಗೆ ಇನ್ನೂ ನೆನಪಿದೆ.

ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಎಂಬುದಕ್ಕೆ ಒಂದು ಅಳತೆ ಇದೆ, ಡಿನ್ ಸಂಖ್ಯೆ ಎನ್ನುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಎಷ್ಟು ರಭಸವಾಗಿ ಓಡಿಸುತ್ತೀರಿ ಎಂಬುದರ ಮೇಲೆ ಅದನ್ನು ಹೊಂದಿಸುತ್ತಾರೆ. ಅಂಗಡಿಯಲ್ಲಿ ತೂಕವನ್ನೂ ಅನುಭವವನ್ನೂ ಸಂಕೋಚವಿಲ್ಲದೆ ನಿಜ ಹೇಳಿ. ಸಂಖ್ಯೆ ತಪ್ಪಾದರೆ ಬಿಚ್ಚಬೇಕಾದಾಗ ಬಿಚ್ಚುವುದಿಲ್ಲ, ಬಿಚ್ಚಬಾರದಾಗ ಬಿಚ್ಚುತ್ತದೆ.

ಊರಿನಿಂದ ಗುಲ್ಮಾರ್ಗ್‌ಗೆ ಹೋಗುವ ಗೆಳೆಯರಿಗೆ ಇನ್ನೊಂದು ಮಾತು. ಗುಲ್ಮಾರ್ಗ್ ಹೆಸರಾದದ್ದು ಅಫರ್ವಾಟ್ ಬೆಟ್ಟದ ಆಳವಾದ, ಯಾರೂ ಹದ ಮಾಡದ ಹಿಮಕ್ಕೆ. ಅಲ್ಲಿ 68 ಮಿ.ಮೀ. ಸೊಂಟದ ಸ್ಕೀ ಹಾಕಿಕೊಂಡರೆ ಹಿಮದೊಳಗೆ ಹೂತುಹೋಗುತ್ತೀರಿ. ಅಲ್ಲಿನ ಬೆಟ್ಟಕ್ಕೆ ಅಗಲ ಸ್ಕೀಯೇ ಸರಿ.

## ಮತ್ತೆ ಬ್ರೇಕ್?

ಮಾವನ ಪ್ರಶ್ನೆಯಲ್ಲಿ ಅರ್ಧ ಬಾಕಿ ಇದೆ. ಕೊರೆದು ತಿರುಗುವಾಗ ವೇಗ ಅಷ್ಟಾಗಿ ತಗ್ಗುವುದಿಲ್ಲ. ಸವರುವಾಗ ಆಗುವ ತಿಕ್ಕಾಟ ಇಲ್ಲಿಲ್ಲ. ಸ್ಪರ್ಧಿಗಳಿಗೆ ಬೇಕಾದದ್ದೂ ಅದೇ. ಹಾಗಾದರೆ ವೇಗ ತಗ್ಗಿಸುವುದು ಹೇಗೆ? ತಿರುವನ್ನು ಅರ್ಧಕ್ಕೆ ಬಿಡದೆ ಪೂರ್ತಿ ಮಾಡಬೇಕು. ಸ್ಕೀ ಬೆಟ್ಟಕ್ಕೆ ಅಡ್ಡವಾಗಿ, ಇನ್ನೂ ಸ್ವಲ್ಪ ಮೇಲ್ಮುಖವಾಗುವವರೆಗೆ ಕಮಾನನ್ನು ಹಿಡಿದಿಟ್ಟರೆ ಬೆಟ್ಟವೇ ವೇಗವನ್ನು ವಾಪಸ್ ತೆಗೆದುಕೊಳ್ಳುತ್ತದೆ. ಥಟ್ಟನೆ ನಿಲ್ಲಬೇಕಾದರೆ ಕೊರೆಯುವುದನ್ನು ಬಿಟ್ಟು, ಎರಡೂ ಸ್ಕೀಯನ್ನು ಅಡ್ಡಕ್ಕೆ ತಿರುಗಿಸಿ ಹಿಮ ಕೆರೆಯುತ್ತಾ ನಿಲ್ಲುತ್ತಾರೆ.

ಇದನ್ನು ಹೇಳಿದಾಗ ಮಾವ, "ಓಹೋ, ಘಾಟಿ ಇಳಿಯುವಾಗ ಗೇರ್‌ನಲ್ಲೇ ಹಿಡಿದ ಹಾಗೆ" ಅಂದರು. ಹೌದು, ಹಾಗೇ.

ಬ್ರೇಕ್ ಅನ್ನುವ ಹೆಸರಿನ ಒಂದು ಭಾಗ ಸ್ಕೀಯಲ್ಲಿ ನಿಜವಾಗಿಯೂ ಇದೆ. ಬೈಂಡಿಂಗ್‌ನ ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಕಡ್ಡಿ. ಬೂಟು ಒಳಗಿರುವಾಗ ಅದು ಮಡಚಿಕೊಂಡು ಮೇಲಿರುತ್ತದೆ. ಬಿದ್ದು ಬೂಟು ಕಳಚಿದ ಕ್ಷಣ ಕೆಳಕ್ಕೆ ಚಾಚಿ ಹಿಮಕ್ಕೆ ಚುಚ್ಚಿಕೊಳ್ಳುತ್ತದೆ. ಸ್ಕೀ ಒಂಟಿಯಾಗಿ ಇಳಿಜಾರಿನಲ್ಲಿ ಓಡಿಹೋಗಿ ಕೆಳಗಿರುವವರ ಕಾಲಿಗೆ ಬಡಿಯದಿರಲಿ ಅಂತ.